ಹಿತ್ತಲಿಲ್ಲದ ಗೊಂಬೆಮನೆ

ಬೆಳಗಾವಿ ಕೋಟೆಯೊಳಗೆ ಹೋದವರು ಕಮಲ ಬಸದಿಯನ್ನು ನೋಡದೆ ಬರುವುದಿಲ್ಲ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು ಅದು. ಅದೇ ಕೋಟೆಯ ಆವರಣದಲ್ಲಿ ಆದಿಲಶಾಹಿ ಕಾಲದ ಸಫಾ ಮಸೀದಿಯೂ ಇದೆ. ಎರಡೂ ಕಲ್ಲಿನವು, ಆದ್ದರಿಂದ ಎರಡೂ ಉಳಿದವು. ಉಳಿದದ್ದರಿಂದ ಅವುಗಳಿಗೊಂದು ಇತಿಹಾಸವೂ ದೊರೆಯಿತು. ಆದರೆ ಬಸದಿಗೆ ಬರುತ್ತಿದ್ದವರು, ಮಸೀದಿಗೆ ಬರುತ್ತಿದ್ದವರು ರಾತ್ರಿ ಎಲ್ಲಿ ಮಲಗುತ್ತಿದ್ದರು? ಅವರ ಹೆಂಗಸರು ಎಲ್ಲಿ ಹೆರುತ್ತಿದ್ದರು, ಬಾಣಂತಿಗೆ ನೀರು ಎಲ್ಲಿ ಕಾಯುತ್ತಿತ್ತು, ಬೇಳೆ ಎಲ್ಲಿ ಬೇಯುತ್ತಿತ್ತು? ಇದಕ್ಕೆ ಉತ್ತರ ಹೇಳುವ ಶಾಸನವಿಲ್ಲ. ಆ ಮನೆಗಳು ಮಣ್ಣು ಮತ್ತು ಕಟ್ಟಿಗೆಯವು. ಮಣ್ಣು ಮಣ್ಣಿಗೆ ಸೇರಿತು, ಕಟ್ಟಿಗೆ ಒಲೆಗೆ ಸೇರಿತು.

ಬ್ರಿಟಿಷರು 1884ರಲ್ಲಿ ಬೆಳಗಾಂ ಜಿಲ್ಲೆಯ ಗ್ಯಾಸೆಟಿಯರ್ ಹೊರತಂದರು. ಬಾಂಬೆ ಪ್ರೆಸಿಡೆನ್ಸಿಯ ಆ ಮಾಲಿಕೆಯಲ್ಲಿ ಇದು ಇಪ್ಪತ್ತೊಂದನೆಯ ಸಂಪುಟ. ಯಾವ ಸಮುದಾಯದವರ ಮನೆಯ ಗೋಡೆ ಎಂಥದು, ಮಾಡು ಎಂಥದು, ಮನೆಯಲ್ಲಿ ಯಾವ ಪಾತ್ರೆಗಳಿರುತ್ತವೆ ಎಂಬುದನ್ನೆಲ್ಲ ಅಲ್ಲಿ ಬರೆದಿದ್ದಾರೆ. ಆದರೆ ಅದು ಕಟ್ಟೆಯ ಮೇಲೆ ನಿಂತು ಕೇಳಿ ಬರೆದ ಬರಹ. ಸಾಹೇಬ ಅಡುಗೆಮನೆಯೊಳಗೆ ಕಾಲಿಟ್ಟವನಲ್ಲ; ಇಡುವಂತೆಯೂ ಇರಲಿಲ್ಲ. ನಮ್ಮ ಮನೆಗಳ ಒಳಗಿನ ಅರ್ಧ, ಅಂದರೆ ಹೆಂಗಸರ ಅರ್ಧ, ಹೀಗೆ ಲೆಕ್ಕಕ್ಕೆ ಸಿಗದೆಯೇ ಹೋಯಿತು.

ಯುರೋಪಿನಲ್ಲಿ ಈ ಅರ್ಧವನ್ನು ಉಳಿಸಿಕೊಟ್ಟದ್ದರಲ್ಲಿ ಒಂದು ಆಟಿಕೆಯ ಪಾಲೂ ಇದೆ ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು. ಅದು ಗೊಂಬೆಮನೆ. ಒಂದು ಕಡೆಯ ಗೋಡೆಯನ್ನು ತೆಗೆದು ಒಳಗಿನ ಕೋಣೆಗಳೆಲ್ಲ ಕಾಣುವಂತೆ ಕಟ್ಟಿದ ಪುಟ್ಟ ಮರದ ಮನೆ. ಬವೇರಿಯದ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ 1558ರ ಸುಮಾರಿಗೆ ಮಾಡಿಸಿದ ಗೊಂಬೆಮನೆ ನಮಗೆ ಗೊತ್ತಿರುವ ಅತಿ ಹಳೆಯವುಗಳಲ್ಲಿ ಒಂದು. ಅದು 1674ರಲ್ಲಿ ಮ್ಯೂನಿಕ್ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಆದರೂ ಅದರೊಳಗೆ ಏನೇನಿತ್ತೆಂದು 1598ರಲ್ಲಿ ಬರೆದ ಪಟ್ಟಿ ಉಳಿದಿದೆ. ಇನ್ನು 1631ರಲ್ಲಿ ನ್ಯೂರೆಂಬರ್ಗ್ ಪಟ್ಟಣದ ಅನ್ನಾ ಕೋಫರ್ಲಿನ್ ಎಂಬ ಹೆಂಗಸು ದೊಡ್ಡದೊಂದು ಗೊಂಬೆಮನೆ ಮಾಡಿಸಿ, ಹಣ ಕೊಟ್ಟವರಿಗೆ ಅದನ್ನು ತೋರಿಸುತ್ತಿದ್ದಳು. ಮನೆಯನ್ನು ಹೇಗೆ ನಡೆಸಬೇಕೆಂದು ಹೆಣ್ಣುಮಕ್ಕಳು ಅದನ್ನು ನೋಡಿ ಕಲಿಯಲಿ ಎಂಬುದು ಅವಳ ವಾದ. ಆಟಕ್ಕಿಂತ ಪಾಠಕ್ಕೇ ಹುಟ್ಟಿದ ವಸ್ತು ಇದು. ಇಬ್ಸನ್ 1879ರಲ್ಲಿ ತನ್ನ ನಾಟಕಕ್ಕೆ ‘ಗೊಂಬೆಮನೆ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಎಲ್ಲಕ್ಕಿಂತ ಹೆಸರಾದದ್ದು ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ 1686ರಿಂದ 1710ರವರೆಗೆ ಮಾಡಿಸುತ್ತ ಹೋದ ಗೊಂಬೆಮನೆ. ಅದಕ್ಕೆ ಅವಳು ಸುರಿದ ಹಣದಲ್ಲಿ ಆ ಊರಿನ ಕಾಲುವೆ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು ಎನ್ನುತ್ತಾರೆ. ಈಗ ಅದು ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಬಾಣಂತಿ ಕೋಣೆಯಿದೆ, ಬಟ್ಟೆ ಒಗೆದು ಇಸ್ತ್ರಿ ಮಾಡಿ ಮಡಚಿಡುವ ಕೋಣೆಯಿದೆ, ಕೆಲಸದವಳು ಮಲಗುವ ಮೂಲೆಯಿದೆ, ಒಲೆಗೆ ಬೇಕಾದ ಉರುವಲು ಪೇರಿಸಿಡುವ ಅಟ್ಟವಿದೆ. ಡಚ್ ಚಿತ್ರಕಾರರು ಆ ಕಾಲದ ಒಳಮನೆಗಳನ್ನು ಬೇಕಾದಷ್ಟು ಬರೆದಿದ್ದಾರೆ. ಆದರೆ ಚಿತ್ರಕಾರನ ಕಣ್ಣಿಗೆ ಅಂದವಾಗಿ ಕಂಡದ್ದಷ್ಟೇ ಚಿತ್ರಕ್ಕೆ ಬರುತ್ತದೆ. ಯಾವ ಕೋಣೆಯ ಮೇಲೆ ಯಾವ ಕೋಣೆ, ಉರುವಲು ಎಲ್ಲಿಂದ ಎಲ್ಲಿಗೆ ಬರಬೇಕು, ಕೆಲಸದವಳ ಹಾಸಿಗೆ ಎಷ್ಟು ಸಣ್ಣದು ಎಂಬುದನ್ನು ಹೇಳುವುದು ಗೊಂಬೆಮನೆ. ಇತಿಹಾಸಕಾರರು ಅದರ ಮುಂದೆ ಬಗ್ಗಿ ನಿಂತು ಟಿಪ್ಪಣಿ ಬರೆದುಕೊಳ್ಳುವುದು ಇದೇ ಕಾರಣಕ್ಕೆ.

ಶ್ರೀಮಂತರ ಈ ಗೀಳು ಸಾಮಾನ್ಯರ ಮನೆಗೆ ಇಳಿದದ್ದು ಯಂತ್ರಗಳ ಕಾಲದಲ್ಲಿ. ಇಂಗ್ಲೆಂಡಿನಲ್ಲಿ 1895ರಲ್ಲಿ ಆರಂಭವಾದ ‘ಹಾಬೀಸ್’ ಎಂಬ ವಾರಪತ್ರಿಕೆ ಸಣ್ಣ ಗರಗಸದಿಂದ ಕೊರೆದು ಮಾಡುವ ವಸ್ತುಗಳ ನಕ್ಷೆಗಳನ್ನು ಓದುಗರಿಗೆ ಹಂಚಿತು. ಅಪ್ಪಂದಿರು ರಜೆಯಲ್ಲಿ ಕುಳಿತು ಮಗಳಿಗೆ ಮನೆ ಕಟ್ಟಿಕೊಡುವ ರೂಢಿ ಬೆಳೆಯಿತು. ಬ್ರಿಟನ್ನಿನ ರಾಣಿ ಮೇರಿಗಾಗಿ ಲುಟಿಯನ್ಸ್ ಎಂಬ ವಾಸ್ತುಶಿಲ್ಪಿ ಮಾಡಿಸಿದ ಗೊಂಬೆಮನೆ 1924ರಲ್ಲಿ ವೆಂಬ್ಲಿಯ ಸಾಮ್ರಾಜ್ಯ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ನಮ್ಮ ಹೊಸದಿಲ್ಲಿಯನ್ನು ಕಟ್ಟುತ್ತಿದ್ದ ಅದೇ ಲುಟಿಯನ್ಸ್! ನಲ್ಲಿಯಲ್ಲಿ ನೀರು ಬರುವ, ದೀಪ ಉರಿಯುವ, ಲಿಫ್ಟ್ ಓಡುವ ಮನೆ ಅದು. ಒಂದು ಅಡಿಗೆ ಒಂದು ಅಂಗುಲ ಎಂಬ ಅದರ ಅಳತೆಯೇ ಮುಂದೆ ಗೊಂಬೆಮನೆಗಳ ವಾಡಿಕೆಯ ಅಳತೆಯಾಯಿತು. ಅದೇ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದಕ್ಕಾಗಿ ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ ಎಂಬ ತಾತ್ಕಾಲಿಕ ಊರೇ ಎದ್ದಿತು, ಅಧಿವೇಶನ ಮುಗಿದ ಮೇಲೆ ಕಳಚಿಯೂ ಹೋಯಿತು. ಉಳಿದದ್ದು ಆಗ ತೋಡಿದ ಬಾವಿ. ಅಲ್ಲಿ ರಾಣಿಗೆ ಆಟದ ಅರಮನೆ, ಇಲ್ಲಿ ಸ್ವರಾಜ್ಯ ಕೇಳುವವರಿಗೆ ನಾಲ್ಕು ದಿನದ ಊರು. ವರ್ಷ ಒಂದೇ ಆದದ್ದು ಕಾಕತಾಳೀಯ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

1970ರ ದಶಕಕ್ಕೆ ಅಮೆರಿಕದಲ್ಲಿ ಗೊಂಬೆಮನೆ ಪೆಟ್ಟಿಗೆಯಲ್ಲಿ ಬರತೊಡಗಿತು. ತೆಳು ಪ್ಲೈವುಡ್ ಹಾಳೆಗಳ ಮೇಲೆ ಉಕ್ಕಿನ ಅಚ್ಚನ್ನು ಒತ್ತಿ, ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಅರ್ಧ ಕತ್ತರಿಸಿಟ್ಟಿರುತ್ತಾರೆ. ಕೊಂಡವರು ಅವನ್ನು ಬಿಡಿಸಿ, ಉಜ್ಜಿ, ಅಂಟಿಸಿ ಮನೆ ಮಾಡಬೇಕು. ಮನೆಯ ರೂಪ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ್ದು: ಚೂಪು ಮಾಡು, ಮುಂದೆ ಕಟಾಂಜನದ ವರಾಂಡ, ಮೂಲೆಗೊಂದು ಗೋಪುರ. ಆ ದೇಶದವರು ತಮ್ಮ ಅಜ್ಜಿಯರ ಕಾಲದ ಮನೆಗಳನ್ನು ಬೀದಿಯಲ್ಲಿ ಕೆಡವುತ್ತ, ಮೇಜಿನ ಮೇಲೆ ಕಟ್ಟಿಕೊಳ್ಳುತ್ತಿದ್ದರು.

ಹೊರದೇಶದಲ್ಲಿದ್ದ ಕುಟುಂಬವೊಂದು ಬೆಳಗಾವಿಗೆ ಮರಳುವಾಗ ಸಾಮಾನಿನ ಜೊತೆ ತಂದು, ಬಿಚ್ಚದೆ ಅಟ್ಟದಲ್ಲಿಟ್ಟಿದ್ದ ಅಂಥದೊಂದು ಹಳೆಯ ಪೆಟ್ಟಿಗೆ ನಮ್ಮ ಕೈಗೆ ಬಂತು. ಅದನ್ನು ಜೋಡಿಸಲು ಖಾನಾಪುರದ ಹಿರಿಯ ಬಡಗಿಯೊಬ್ಬರ ನೆರವು ಪಡೆದೆವು. ಪ್ಲೈವುಡ್ಡಿನ ದಪ್ಪ ಒಂದು ಅಂಗುಲದ ಎಂಟನೆಯ ಒಂದು ಪಾಲು. ನಮ್ಮ ಬಡಗಿಗಳ ಬಾಯಲ್ಲಿ ಅದು ಒಂದು ಸೂತ. ಇಂಗ್ಲಿಷಿನ ಸೂಚನಾ ಪುಸ್ತಕವನ್ನು ಮಿಸ್ತ್ರಿಯವರು ಮುಟ್ಟಲೇ ಇಲ್ಲ. ಅಡಿಗೆ ಅಂಗುಲ ಎಂದು ಒಮ್ಮೆ ಹೇಳಿದ್ದೇ ಸಾಕಾಯಿತು. ಅಂಟು ಹಾಕುವ ಮೊದಲು ಎಲ್ಲವನ್ನೂ ಒಮ್ಮೆ ಬರಿದೇ ಜೋಡಿಸಿ ನೋಡಬೇಕು, ಒಂದರ ನಾಲಗೆ ಇನ್ನೊಂದರ ತೂತಿಗೆ ಕೂರುತ್ತದೋ ಇಲ್ಲವೋ ಪರೀಕ್ಷಿಸಬೇಕು ಎಂದು ಪುಸ್ತಕ ಪುಟಗಟ್ಟಲೆ ಹೇಳುವುದನ್ನು ಅವರು ಹುಟ್ಟಿನಿಂದ ಬಲ್ಲವರಂತೆ ಮಾಡುತ್ತಿದ್ದರು. ಹಳೆಯ ಅಚ್ಚಿನ ಪ್ಲೈವುಡ್ ಬಿಡಿಸುವಾಗ ಅಂಚು ಸೀಳುತ್ತದೆ. ಅದಕ್ಕೆ ಅವರು ಹಿಂದಿನಿಂದ ಚೂರಿಯ ಗೆರೆ ಎಳೆದು, ಆಮೇಲೆ ಮುಂದಿನಿಂದ ಒತ್ತುತ್ತಿದ್ದರು. ಮಳೆಗಾಲದಲ್ಲಿ ಈ ಕೆಲಸ ಬೇಡವೆಂದು ದೀಪಾವಳಿ ಕಳೆಯುವವರೆಗೆ ಪೆಟ್ಟಿಗೆಯನ್ನು ಮುಟ್ಟಗೊಡಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಮಳೆ ಕಂಡವರಿಗೆ ಇದಕ್ಕೆ ಕಾರಣ ಹೇಳಬೇಕಿಲ್ಲ. ತೆಳು ಹಲಗೆ ತೇವ ಕುಡಿದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಗೋಡೆಗಳು ನಿಂತ ದಿನ ಮಿಸ್ತ್ರಿ ಅದನ್ನು ಸುತ್ತಲೂ ತಿರುಗಿಸಿ ನೋಡಿ ಕೇಳಿದ್ದು ಇಷ್ಟು: “ಅಲ್ರಿ ಸರ, ಮನಿ ಏನೋ ಚಲೋ ಐತಿ. ಹಿತ್ತಲಾ ಎಲ್ಲೈತ್ರಿ? ಬಚ್ಚಲಾನೂ ಕಾಣವಲ್ದು. ನೀರ ಎಲ್ಲಿ ಹೋಗಬೇಕ್ರಿ?”

ಹಿಂದಿನ ಗೋಡೆ ಇರಬೇಕಾದ ಜಾಗ ಬಯಲಾಗಿತ್ತು. ಗೊಂಬೆಮನೆ ಇರುವುದೇ ಹಾಗೆ, ಅಲ್ಲಿಂದಲೇ ಮಕ್ಕಳು ಕೈಹಾಕಿ ಆಡಬೇಕು. ಆದರೆ ಖಾನಾಪುರದ ಮನೆ ಕಟ್ಟಿ ಗೊತ್ತಿದ್ದವರಿಗೆ ಮನೆಯೆಂಬುದು ಹಿತ್ತಲಿನಿಂದಲೇ ಶುರುವಾಗುವಂಥದ್ದು. ಬಾವಿ, ನೀರೊಲೆ, ಪಾತ್ರೆ ತಿಕ್ಕುವ ಕಲ್ಲು, ಬೂದಿಯ ಗುಂಡಿ, ಕರಿಬೇವಿನ ಗಿಡ, ದನದ ಕೊಟ್ಟಿಗೆ, ಒಂದು ಮನೆಯ ಹೆಂಗಸರು ಮತ್ತೊಂದು ಮನೆಯ ಹೆಂಗಸರೊಡನೆ ಮಾತಾಡುವ ಸಣ್ಣ ಬಾಗಿಲು ಎಲ್ಲವೂ ಅಲ್ಲಿವೆ. ಗಂಡಸರ ಮನೆ ಕಟ್ಟೆಯಿಂದ ಪಡಸಾಲೆಯವರೆಗೆ, ಹೆಂಗಸರ ಮನೆ ಅಡುಗೆಮನೆಯಿಂದ ಹಿತ್ತಲವರೆಗೆ. ಪರದೆ ಇದ್ದ ಮುಸ್ಲಿಂ ಮನೆಗಳಲ್ಲಿ ಈ ಗೆರೆ ಕಣ್ಣಿಗೆ ಕಾಣುತ್ತಿತ್ತು, ಉಳಿದವರಲ್ಲಿ ಕಾಣದಿದ್ದರೂ ಇತ್ತು. ಓಣಿಯಲ್ಲಿ ಜಗಳವಾಗಿ ಗಂಡಸರು ಮಾತು ಬಿಟ್ಟಾಗಲೂ ಹಿತ್ತಲ ಬಾಗಿಲಿನಿಂದ ಹುಳಿಸೊಪ್ಪು, ಮಜ್ಜಿಗೆ ಓಡಾಡುತ್ತಿದ್ದವು ಎಂದು ಹೇಳುವ ಅಜ್ಜಿಯರು ಈಗಲೂ ಇದ್ದಾರೆ.

ಹಾಗಾದರೆ ಗೊಂಬೆಮನೆ ನಮ್ಮಲ್ಲಿ ಇರಲೇ ಇಲ್ಲವೇ? ಉತ್ತರ ಭಾರತದಲ್ಲಿ ಇತ್ತು. ‘ಘರೋಂದಾ’ ಎಂಬ ಉರ್ದು-ಹಿಂದಿ ಪದ ಮಕ್ಕಳು ಕಟ್ಟುವ ಪುಟ್ಟ ಮಣ್ಣಿನ ಮನೆಗೆ ಇರುವ ಹೆಸರು. ಬಿಹಾರದಲ್ಲಿ ದೀಪಾವಳಿಗೆ ಹೆಣ್ಣುಮಕ್ಕಳು ಘರೋಂದಾ ಕಟ್ಟಿ ಬಣ್ಣ ಬಳಿಯುತ್ತಾರೆ; ಈಚೆಗೆ ಮರದ, ರಟ್ಟಿನ ಸಿದ್ಧ ಘರೋಂದಾಗಳೂ ಅಲ್ಲಿನ ಪೇಟೆಗೆ ಬರುತ್ತವೆ. ನಮ್ಮ ಬೆಳಗಾವಿಯಲ್ಲಿ ದೀಪಾವಳಿಗೆ ಏಳುವುದು ಮನೆಯಲ್ಲ, ಕಿಲ್ಲಾ. ಓಣಿಯ ಹುಡುಗರು ಕಲ್ಲು, ಗೋಣಿಚೀಲ, ಕೆಮ್ಮಣ್ಣು ಒಟ್ಟಿ ಕೋಟೆ ಕಟ್ಟುತ್ತಾರೆ, ಇಳಿಜಾರಿನಲ್ಲಿ ಸಾಸಿವೆ, ಅಳವಿ ಬಿತ್ತಿ ಹಸಿರು ಬರಿಸುತ್ತಾರೆ, ಕುಂಬಾರರಿಂದ ತಂದ ಮಣ್ಣಿನ ಶಿವಾಜಿಯನ್ನೂ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಹುಡುಗರು ಕಟ್ಟಿದರೆ ಕೋಟೆ, ಹುಡುಗಿಯರು ಕಟ್ಟಿದರೆ ಮನೆ! ಇದರ ಬಗ್ಗೆಯೇ ಬೇರೆ ಲೇಖನ ಬರೆಯಬಹುದು.

ಹುಡುಗಿಯರ ಆಟಕ್ಕೆ ನಮ್ಮಲ್ಲಿ ಗೋಡೆಯೇ ಬೇಕಿರಲಿಲ್ಲ. ಮರಾಠಿಯವರು ‘ಭಾತುಕಲಿ’ ಎನ್ನುವ, ನಾವು ಅಡುಗೆ ಆಟ ಎನ್ನುವ ಆಟದಲ್ಲಿ ಇರುವುದು ಒಲೆ, ಬೀಸುಕಲ್ಲು, ಕೊಡ, ಮಣೆ, ಲಟ್ಟಣಿಗೆ. ಪಡಸಾಲೆಯ ಎರಡು ಕಂಬಗಳ ನಡುವೆ ಕುಳಿತರೆ ಅದೇ ಮನೆ. ಈ ಪುಟ್ಟ ಪಾತ್ರೆಗಳನ್ನು ಅರಗಿನ ಬಣ್ಣ ಕೊಟ್ಟು ಮರದಲ್ಲಿ ಮಾಡುವವರು ಘಟ್ಟದ ಆಚೆಯ ಸಾವಂತವಾಡಿಯಲ್ಲಿದ್ದರು, ಇಂದೂ ಇದ್ದಾರೆ. ಗೊಂಬೆಗೆ ಬಟ್ಟೆ ಚೂರು ಸಾಕು. ಮುಖ ಮೂಗು ಇರುವ ಗೊಂಬೆ ಕೂಡದೆಂದು ಕೆಲವು ಮುಸ್ಲಿಂ ಮನೆಗಳಲ್ಲಿ ಗದರಿಸುವುದುಂಟು. ಆದರೆ ಹಝ್ರತ್ ಆಯಿಷಾ(ರ)ರವರ ಗೊಂಬೆಗಳು ಮಾಡದೊಳಗೆ ಪರದೆಯ ಹಿಂದೆ ಇದ್ದವೆಂದೂ, ಗಾಳಿಗೆ ಪರದೆ ಸರಿದಾಗ ಅವುಗಳ ನಡುವೆ ಬಟ್ಟೆಯ ರೆಕ್ಕೆಗಳ ಕುದುರೆಯೊಂದನ್ನು ಕಂಡು ಪ್ರವಾದಿವರ್ಯರು(ಸ) ನಕ್ಕರೆಂದೂ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಗೋಡೆಯ ಒಂದು ಮಾಡ, ಮುಂದೊಂದು ಪರದೆ. ಗೊಂಬೆಗಳಿಗೆ ಇಷ್ಟು ಮನೆ ಸಾಕೆಂದು ನಮ್ಮ ಹೆಣ್ಣುಮಕ್ಕಳೂ ಬಹುಕಾಲ ಅಂದುಕೊಂಡಿದ್ದರು.

ಗೊಂಬೆಮನೆ ಮಾಡಲು ಬೇಕಾದ ಕೈಗಳಿಗಂತೂ ಈ ಸೀಮೆಯಲ್ಲಿ ಬರವಿರಲಿಲ್ಲ. ಗೋಕಾಕದಲ್ಲಿ ಹಗುರ ಮರದಿಂದಲೂ ಅಲ್ಲಿಯದೇ ಒಂದು ಬಗೆಯ ಮಣ್ಣಿನಿಂದಲೂ ಗೊಂಬೆಗಳು, ಹಣ್ಣುಗಳು ತಯಾರಾಗುತ್ತವೆಂದು 1908ರ ಇಂಪೀರಿಯಲ್ ಗ್ಯಾಸೆಟಿಯರ್ ಕೂಡ ಮೆಚ್ಚಿ ಬರೆದಿದೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟ ಮೆತ್ತಿ ಬೊಂಬೆ ಮಾಡುತ್ತಾರೆ. ದಕ್ಷಿಣಕ್ಕೆ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಹಾಕಿ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತಾರೆ. ಟಿಪ್ಪು ಸುಲ್ತಾನ್ ಪರ್ಶಿಯದಿಂದ ಕುಶಲಿಗಳನ್ನು ಕರೆಸಿದನೆಂಬ ಹೇಳಿಕೆ ಅಲ್ಲಿದೆ. ಇಂದಿಗೂ ಆ ಕಸುಬಿನವರಲ್ಲಿ ಮುಸ್ಲಿಮರು ಬಹಳ. ಖಾನಾಪುರದಲ್ಲಿ ಮಡಕೆ, ಇಟ್ಟಿಗೆ, ಹಂಚಿಗೆ ಹೇಳಿಮಾಡಿಸಿದ ಮಣ್ಣಿದೆ; ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಅಲ್ಲಿ ನೆಲೆಗೊಂಡದ್ದು ಆ ಮಣ್ಣಿನಿಂದಲೇ. ಅದೇ ತಾಲ್ಲೂಕಿನ ಲೋಂಡಾ ಕಾಡಿನ ಸಾಗವಾನಿ ರೈಲು ಹತ್ತಿ ಊರೂರಿಗೆ ಹೋಗಿದೆ. ಪಕ್ಕದ ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆಯೇ ಇತ್ತು. ಈಗ ಬೆಳಗಾವಿಯಲ್ಲಿ ನೆಲೆಯಿರುವ ಏಕಸ್ ಕಂಪನಿ ಹೊರದೇಶದ ಬ್ರ್ಯಾಂಡುಗಳಿಗೆ ಪ್ಲಾಸ್ಟಿಕ್ ಆಟಿಕೆ ಮಾಡಿಕೊಡುತ್ತದೆ. ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯೂ ಆಯಿತು. ಕಿನ್ನಾಳವಿರುವುದು ಅದೇ ಜಿಲ್ಲೆಯಲ್ಲಿ ಎಂಬುದನ್ನು ಆ ದಿನದ ಭಾಷಣಕಾರರು ನೆನೆದಿದ್ದರೆ ಒಳ್ಳೆಯದು.

ಮತ್ತೊಂದು ಸಂಗತಿ ಹೇಳಬೇಕು. ನಮ್ಮ ಹಳೆಯ ಮರದ ಮನೆಯೇ ಒಂದು ಪೆಟ್ಟಿಗೆಯ ಆಟಿಕೆಯಿದ್ದಂತೆ. ಬೆಳಗಾವಿಯ ಶಹಾಪುರದಲ್ಲಾಗಲಿ ಖಾನಾಪುರದ ಪೇಟೆಯಲ್ಲಾಗಲಿ ಮನೆಯನ್ನು ಅಳೆಯುತ್ತಿದ್ದದ್ದು ಚದರ ಅಡಿಯಲ್ಲಿ ಅಲ್ಲ, ಖಣದಲ್ಲಿ. ಎರಡು ತೊಲೆಗಳ ನಡುವಿನ ಜಾಗ ಒಂದು ಖಣ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಇಷ್ಟನ್ನು ಬಡಗಿ ನೆಲದ ಮೇಲೆ ಜೋಡಿಸಿ ನೋಡಿ, ಗುರುತು ಹಾಕಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದ. ಮಣ್ಣಿನ ಗೋಡೆ ಬಂದು ತುಂಬಿಕೊಳ್ಳುವುದು ಅನಂತರ. ಮೊಳೆ ಕಡಿಮೆ, ನಾಲಗೆ-ತೂತುಗಳೇ ಹೆಚ್ಚು. ಆದ್ದರಿಂದ ಹಾಗೆಯೇ ಬಿಚ್ಚಲೂ ಬರುತ್ತದೆ.

ಬಿಚ್ಚಲು ಬರುತ್ತದೆ ಎಂಬುದೇ ಈಗ ಈ ಮನೆಗಳಿಗೆ ಮುಳುವಾಗಿದೆ. ರಸ್ತೆ ಅಗಲವಾಗುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಸಿಮೆಂಟಿನ ಮನೆ ಬೇಕೆಂದು ಮಕ್ಕಳು ಹಟ ಹಿಡಿದಾಗ ಹಳೆ ಮನೆ ಬಿಚ್ಚುತ್ತಾರೆ. ಕಟ್ಟಿಗೆ ವ್ಯಾಪಾರಿ ಬರುತ್ತಾನೆ. ಕೆತ್ತನೆಯ ಬಾಗಿಲು ಗೋವೆಯ ಹೋಟೆಲಿಗೆ, ಕಂಬ ಬೆಂಗಳೂರಿನ ಬಂಗಲೆಯ ಅಂಗಳಕ್ಕೆ, ಜಂತಿಗಳು ಹೊಸ ಮೇಜುಕುರ್ಚಿಗೆ. ಮಾಲೀಕರನ್ನು ನಾವು ದೂರುವುದಿಲ್ಲ. ಸೋರುವ ಹಂಚು, ಗೆದ್ದಲು, ಕತ್ತಲೆ ಅಡುಗೆಮನೆಯ ಹೊಗೆ ಇವನ್ನೆಲ್ಲ ಅನುಭವಿಸಿದವರು ಅವರು. ಆ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಸೊಸೆಯಂದಿರಿಗೆ ಹಳೆ ಮನೆಯ ಬಗ್ಗೆ ಹಂಬಲವಿಲ್ಲದಿದ್ದರೆ ಅದರಲ್ಲಿ ತಪ್ಪೇನಿದೆ? ಆದರೆ ಬಿಚ್ಚುವ ಮೊದಲು ಒಮ್ಮೆ ಅಳೆಯಬಹುದಿತ್ತಲ್ಲ ಎಂಬುದಷ್ಟೇ ನಮ್ಮ ಮಾತು.

ಅಳೆದು, ನಂಬರು ಹಾಕಿ, ಬಿಚ್ಚಿ, ಮತ್ತೆ ನಿಲ್ಲಿಸಿದ ಉದಾಹರಣೆಗಳು ಇಲ್ಲದಿಲ್ಲ. ಮಣಿಪಾಲದ ವಿಜಯನಾಥ ಶೆಣೈ ತಮ್ಮ ಬದುಕಿನ ಬಹುಭಾಗವನ್ನು ಇದಕ್ಕೇ ಸವೆಸಿದರು. ಅವರ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಕುಕನೂರಿನ ಕಮಲ ಮಹಲೂ ಇದೆ, ಮುಧೋಳ ಅರಮನೆಯ ದರ್ಬಾರು ಹಾಲೂ ಇದೆ, ದಖ್ಖನಿ ನವಾಬ್ ಮಹಲೂ ಇದೆ. ಅವರು 2017ರಲ್ಲಿ ತೀರಿಕೊಂಡರು. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯ ಜೊತೆಗೆ ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬವೊಂದರ ಮನೆಯನ್ನೂ ಕಾಣಬಹುದು. ಕನ್ನಡದ ಮುಸ್ಲಿಂ ಮನೆಯೊಂದು ಕಂಬ, ಬಾಗಿಲುಗಳ ಸಮೇತ ನಿಂತಿರುವುದನ್ನು ನೋಡಲು ಸಮುದ್ರದಂಡೆಯ ತಮಿಳು ಊರಿಗೆ ಹೋಗಬೇಕಾಗಿದೆ. ಇದರಲ್ಲಿ ಸಂತೋಷವೂ ಇದೆ, ಸಂಕಟವೂ ಇದೆ.

ಎಲ್ಲ ಮನೆಗಳಿಗೂ ಆ ಭಾಗ್ಯ ಬರಲಾರದು. ಇಡೀ ಮನೆ ಸಾಗಿಸಲು ಲಕ್ಷಗಳು ಬೇಕು, ನಿಲ್ಲಿಸಲು ಜಾಗ ಬೇಕು. ಆದರೆ ಅಡಿಗೆ ಅಂಗುಲದ ಲೆಕ್ಕದಲ್ಲಿ ನಲವತ್ತು ಅಡಿ ಉದ್ದದ ಮನೆ ನಲವತ್ತು ಅಂಗುಲದ ಮೇಜಿನ ಮೇಲೆ ಕೂರುತ್ತದೆ. ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು, ಆ ಮನೆಯಲ್ಲಿ ಬಾಳಿದ ಒಬ್ಬ ಹಿರಿಯ ಹೆಂಗಸು, ಒಬ್ಬ ಬಡಗಿ ಇದ್ದರೆ ಆಗುವ ಕೆಲಸ. ಹಿರಿಯ ಹೆಂಗಸನ್ನು ಬಿಟ್ಟು ಆಗದು ಎಂಬುದನ್ನು ಒತ್ತಿ ಹೇಳುತ್ತೇವೆ. ಕಂಬ ಎಲ್ಲಿತ್ತೆಂದು ಗಂಡಸರು ಹೇಳಿಯಾರು. ಉಪ್ಪಿನಕಾಯಿಯ ಭರಣಿ ಯಾವ ಮಾಡದಲ್ಲಿತ್ತು, ನಮಾಝಿನ ಚಾಪೆ ಯಾವ ಗಿಳಿಗೂಟಕ್ಕೆ ತೂಗುತ್ತಿತ್ತು, ಬಾಣಂತಿಯ ಹೊರಸು ಯಾವ ಗೋಡೆಗೆ ಹತ್ತಿತ್ತು, ಮಳೆಗಾಲದಲ್ಲಿ ಸೌದೆ ಎಲ್ಲಿ ಒಣಗುತ್ತಿತ್ತು ಎಂಬುದು ಅವರಿಗೆ ತಿಳಿಯದು.

ಆ ಅಮೆರಿಕದ ಮನೆಗೆ ಕೊನೆಯಲ್ಲಿ ಒಂದಿಷ್ಟು ಹೆಚ್ಚಿನ ಪ್ಲೈವುಡ್ ಉಳಿಯಿತು, ಅಚ್ಚಿನ ಅಂಚಿನ ತುಂಡುಗಳು. ಮಿಸ್ತ್ರಿ ಅವನ್ನು ಎಸೆಯಗೊಡಲಿಲ್ಲ. ಒಂದು ಸೂತ ದಪ್ಪದ ಆ ತುಂಡುಗಳಿಂದ ಒಂಬತ್ತು ಅಂಗುಲ ಅಗಲದ ಹಲಗೆ ಕೂಡಿಸಿ ಮನೆಯ ಬಯಲು ಬೆನ್ನಿಗೆ ಹೊಂದಿಸಿದರು. ಅದರ ಮೇಲೆ ಎರಡು ಕಂಬದ ಬಾವಿಕಟ್ಟೆ, ಬಚ್ಚಲಿನ ಕಲ್ಲು, ಒಂದು ಸಣ್ಣ ಬಾಗಿಲು ಬಂದವು. ಬಾವಿಯ ರಾಟೆಗೆ ಅಂಗಿಯ ಗುಂಡಿ ಹಾಕಿದ್ದಾರೆ, ತಿರುಗುತ್ತದೆ.